ಸುಳ್ಳು ಆಯ್ಕೆಯ ಕೊನೆಯ ಹೆಸರು

ಮೊನ್ನೆ ಮಂಚದ ಕೆಳಗಿನ ಟ್ರಂಕು ತೆಗೆದೆ. ಒಂದರ ಹಿಂದೊಂದು ಏಳೆಂಟು ಸೀನು ಬಂದವು. ಬ್ಯಾಡಗಿಯವರ ಮನೆಯ ಯಾವ ವಸ್ತುವನ್ನೂ ಮೆಣಸಿನಕಾಯಿಯ ಘಾಟು ಬಿಡುವುದಿಲ್ಲ ನೋಡಿ. ತಳದಲ್ಲಿ ಫುಟ್‌ಬಾಲಿನ ಹಳೆಯ ಬೂಟು, ಅದರೊಳಗೆ ನಾಲ್ಕು ಮಡಿಕೆಯ ಕಾಗದ. ನನ್ನದೇ ಅಕ್ಷರದಲ್ಲಿ ಆಟಗಾರರ ಪಟ್ಟಿ. ಕೊನೆಯ ಹೆಸರು ಮಕ್ಬೂಲನದು.

ನಾವು ಹುಡುಗರಾಗಿದ್ದಾಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನವರು ಸೇರಿ ವರ್ಷಕ್ಕೊಮ್ಮೆ ಆಡುತ್ತಿದ್ದೆವು. ಆಟಗಾರ ಯಾವೂರಿನವನಾದರೂ ಸರಿ, ಊರಿಗೊಬ್ಬರಂತೆ ಮೂವರು ಕ್ಯಾಪ್ಟನ್ನರು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಿದ್ದರು. ಅದಕ್ಕೆ ಎರಡು ದಿನ ಮೊದಲು ನಾವು ನಮ್ಮೂರ ಮೆಣಸಿನಕಾಯಿ ಗೋದಾಮಿನ ಚೀಲಗಳ ಮೇಲೆ ಕೂತು ಒಂದು ಸುಳ್ಳು ಆಯ್ಕೆ ನಡೆಸುತ್ತಿದ್ದೆವು. ಯಾರು ಎಷ್ಟನೆಯವನಾಗಿ ಹೋಗುತ್ತಾನೆ ಎಂಬ ಅಂದಾಜು. ಹೆಸರಿನ ಮುಂದೆ ಪೇಟೆಯವರಂತೆ ಮಾಲಿನ ಗುಣ. ಬರೆಯುವವನು ನಾನು. ಅಕ್ಷರ ದುಂಡಗಿತ್ತು ಎಂಬುದೊಂದೇ ಯೋಗ್ಯತೆ, ಆಟದಲ್ಲಿ ನನ್ನ ಜಾಗ ಯಾವಾಗಲೂ ಗೆರೆಯಾಚೆಗೇ. ಪಟ್ಟಿ ಗೋದಾಮಿನ ಬಾಗಿಲಿಗೆ ಅಂಟುತ್ತಿತ್ತು. ಕ್ಯಾಪ್ಟನ್ನರು ಓದಿಯೂ ಓದದವರ ಹಾಗೆ ಹೋಗುತ್ತಿದ್ದರು.

ಮಕ್ಬೂಲ ರಾಣೆಬೆನ್ನೂರಿನವನು, ಗೋಲ್‌ಕೀಪರ್, ನನ್ನ ಜೀವದ ಗೆಳೆಯ. ಆ ವರ್ಷ ಅವನು ನಮ್ಮ ತಂಡಕ್ಕೇ ಬರಲಿ ಎಂದು ನನಗೆ ಬಲು ಆಸೆ. ಪೇಟೆಯಲ್ಲಿ ಬೆಳೆದವನ ಬುದ್ಧಿ ಎಲ್ಲಿ ಹೋದೀತು? ಬೇಕಾದ ರಾಶಿಯನ್ನು ನಾಲ್ಕು ಜನರೆದುರು ಹಳಿದುಬಿಟ್ಟರೆ ಬೇರೆಯವರು ಹತ್ತಿರ ಸುಳಿಯುವುದಿಲ್ಲ ಎಂಬುದನ್ನು ಅಪ್ಪನನ್ನು ನೋಡಿ ಕಲಿತಿದ್ದೆ. ಮಕ್ಬೂಲನ ಹೆಸರನ್ನು ಕೊನೆಗೆ ಬರೆದೆ. ಮುಂದೆ, 'ಮಾಲು ಹಸಿ ಐತಿ, ಇನ್ನೂ ಒಣಗಬೇಕು' ಎಂದೂ ಸೇರಿಸಿದೆ. ನಮ್ಮ ಕ್ಯಾಪ್ಟನ್ನನಿಗೆ ಗುಟ್ಟು ಹೇಳಬೇಕಿತ್ತು. ಅವನೂ ಪೇಟೆಯವನೇ, ತಾನೇ ತಿಳಿದುಕೊಳ್ಳುತ್ತಾನೆ ಎಂದುಕೊಂಡೆ. ಅತಿ ಜಾಣನಿಗೆ ಆದದ್ದೇ ನನಗೂ ಆಯಿತು.

ಆಯ್ಕೆಯ ದಿನ ಮೂವರೂ ಕ್ಯಾಪ್ಟನ್ನರು ನನ್ನ ಪಟ್ಟಿಯನ್ನು ನಂಬಿದರು, ನಮ್ಮವನೂ ಸೇರಿ. ಮಕ್ಬೂಲನನ್ನು ಯಾರೂ ಕರೆಯಲಿಲ್ಲ. ಅವನು ಬಾಗಿಲ ಹತ್ತಿರ ಹೋಗಿ ಪಟ್ಟಿ ಓದಿ ನನ್ನ ಕಡೆ ತಿರುಗಿದ.

"ನೀನ ಬರದೀ ಅಂದ್ರ ಖರೇನ ಇರಬೇಕು ಬಿಡು," ಅಂದ.

ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅವನನ್ನು ಬಸ್ಸು ಹತ್ತಿಸಿ ಬಂದವನು ಪಟ್ಟಿ ಕಿತ್ತು ಬೂಟಿನೊಳಗೆ ತುರುಕಿದೆ. ಆಮೇಲೆ ಅವನು ಮೈದಾನಕ್ಕೆ ಬರಲಿಲ್ಲ. ಮದುವೆಗಳಲ್ಲಿ ಸಿಕ್ಕಿದೆವು, ನಕ್ಕೆವು. ಫುಟ್‌ಬಾಲಿನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ನಾನು ಸುಮ್ಮನಿದ್ದುದಕ್ಕೆ ಕಾರಣ ನಾಚಿಕೆ, ಬೇರೇನಲ್ಲ.

ನಿನ್ನೆ ಆ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ರಾಣೆಬೆನ್ನೂರಿನ ಅವನ ಬೀಜದಂಗಡಿಗೆ ಹೋದೆ. ತಡವರಿಸುತ್ತಲೇ ಎಲ್ಲವನ್ನೂ ಹೇಳಿದೆ. ಅವನು ಕನ್ನಡಕ ಏರಿಸಿ ಓದಿದ, ನಿಧಾನವಾಗಿ ಮಡಚಿದ.

"ಅವತ್ತ ಹೇಳಬೇಕಿಲ್ಲೇನೋ ಮಾರಾಯಾ. ಮರದಿನಾನ ಗ್ಲೌಸ್ ಯಾರಿಗೋ ಕೊಟ್ಟಬಿಟ್ಟೆ. ನನಗ ಆಟ ಬರಂಗಿಲ್ಲ ಅಂತ ಇಷ್ಟ ವರ್ಷ ತಿಳಕೊಂಡೇನಿ."

"ತಪ್ಪಾತೋ," ಅಂದೆ.

"ಖರೇ ಬರದಿದ್ರ ಎಷ್ಟನೇದಕ್ಕ ಬರೀತಿದ್ದಿ?"

"ಮೊದಲನೇದಕ್ಕ."

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಬೆಂಡೆಬೀಜ ಕೇಳಿದ. ಅಟ್ಟದ ಮೇಲಿದ್ದ ಮಕ್ಬೂಲನ ತಮ್ಮ ಪೊಟ್ಟಣಗಳನ್ನು ಒಂದೊಂದಾಗಿ ಕೆಳಗೆಸೆದ. ಮಕ್ಬೂಲ ನನ್ನನ್ನೇ ನೋಡುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಚಾಚಿ ಹಿಡಿಯುತ್ತ ಹೋದ. ಒಂದೂ ನೆಲಕ್ಕೆ ಬೀಳಲಿಲ್ಲ.

ನನ್ನ ಕಣ್ಣು ತುಂಬಿತು. ನಮ್ಮೂರಿನಲ್ಲಾಗಿದ್ದರೆ ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕುತ್ತಿದ್ದೆ; ಆ ಅಂಗಡಿಯಲ್ಲಿ ಘಾಟೇ ಇರಲಿಲ್ಲ.