ಸಂಡೂರು ಕಾಳಪ್ಪನ ಕುಲುಮೆ

ಕಂಪ್ಲಿ ಪ್ರತ್ಯೇಕ ತಾಲ್ಲೂಕಾಗುವ ಒಂದೆರಡು ವರ್ಷ ಮೊದಲು, ಅದು ಇನ್ನೂ ಹೊಸಪೇಟೆ ತಾಲ್ಲೂಕಿನ ಹೋಬಳಿಯಾಗಿದ್ದಾಗ, ನಾನು ಅಲ್ಲಿ ಕಂದಾಯ ನಿರೀಕ್ಷಕಿಯಾಗಿದ್ದೆ. ಜನರ ಬಾಯಲ್ಲಿ ‘ಆರ್‌ಐ ಮೇಡಂ’. ಜಾಗದ ಅರ್ಜಿ ಬಂದರೆ ಸ್ಥಳಕ್ಕೆ ಹೋಗಿ, ಊರವರ ಹೇಳಿಕೆ ಪಡೆದು, ಪಂಚನಾಮೆ ಬರೆದು ತಹಶೀಲ್ದಾರರಿಗೆ ವರದಿ ಕೊಡುವುದು ನನ್ನ ಕೆಲಸ. ಅಂಥ ವರದಿ ಎಷ್ಟು ಬರೆದೆನೋ ನೆನಪಿಲ್ಲ. ಒಂದನ್ನು ಮಾತ್ರ ನಿವೃತ್ತಿಯಾದ ಮೇಲೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಜಂಬ ಎಂದರೂ ಸರಿಯೇ.

ಅರ್ಜಿದಾರ ಮೌನೇಶ, ತುಂಗಭದ್ರೆಯ ದಡದ ಒಂದು ಹಳ್ಳಿಯ ಕಮ್ಮಾರ. ಊರ ಮುಂದೆ ಅವನ ಕುಲುಮೆ, ಅದರ ಹಿಂದೆಯೇ ತಾಯಿ ನಾಗಮ್ಮನೊಂದಿಗೆ ವಾಸವಿದ್ದ ಮನೆ. ಅದೇ ಜಾಗದಲ್ಲಿ ಪಂಚಾಯಿತಿಗೆ ಮಳಿಗೆ ಕಟ್ಟುವ ಆಸೆ. ಮೌನೇಶನ ಬಳಿ ಹಕ್ಕುಪತ್ರವಿರಲಿಲ್ಲ. ತಲೆತಲಾಂತರದಿಂದ ಅಲ್ಲೇ ಇದ್ದವರೆಂದು ತೋರಿಸಿದರೆ ಕುಲುಮೆ ಉಳಿಯುತ್ತದೆ. ಇಲ್ಲದಿದ್ದರೆ ಒತ್ತುವರಿ ಎಂದು ಜೆಸಿಬಿ ಬರುತ್ತದೆ.

ಪಂಚನಾಮೆಯ ದಿನ ಊರೇ ನೆರೆದಿತ್ತು. ಮೊದಲು ಮೌನೇಶನನ್ನು ಕೇಳಿದೆ.

“ನಮ್ಮ ಕಾಳಪ್ಪಜ್ಜ ಬ್ರಿಟಿಷರ ಕಾಲದಾಗ ಸಂಡೂರು ಸಂಸ್ಥಾನ ಬಿಟ್ಟು ಬಂದು ಇಲ್ಲಿ ಕುಲುಮಿ ಹೂಡಿದ್ರು ಮೇಡಂ. ಗಾಡಿ ಗಾಲಿಗೆ ಕಬ್ಬಿಣದ ಹಳಿ ಏರಿಸೋದ್ರಾಗ ಭಾಳ ಹೆಸರುವಾಸಿ.”

ಪಂಚಾಯಿತಿ ಸದಸ್ಯರೊಬ್ಬರು ಗಹಗಹಿಸಿ ನಕ್ಕರು. “ಕೇಳ್ರಿ ಮೇಡಂ! ಕಾಳಪ್ಪನ ಮಣ್ಣಿಗೆ ನಾನೇ ಹೋಗೀನಿ. ಬ್ರಿಟಿಷರು ಹೋದಾಗ ಅವನಿನ್ನೂ ಚಡ್ಡಿ ಹುಡುಗ. ಎಲ್ಲಾ ಬುರುಡಿ!”

ಜನ ನಕ್ಕಿತು. ಮೌನೇಶ ತಲೆ ತಗ್ಗಿಸಿದ. ಸದಸ್ಯರ ಮಾತು ಸುಳ್ಳಾಗಿರಲಿಲ್ಲ, ಆದರೆ ಆ ನಗು ಕೇಳಿ ನನ್ನ ಮೈಯೆಲ್ಲ ಉರಿಯಿತು. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಇಬ್ಬರು ಕಾಳಪ್ಪಂದಿರು ಮೌನೇಶನ ತಲೆಯಲ್ಲಿ ಒಬ್ಬರೇ ಆಗಿಬಿಟ್ಟಿರಬಹುದು ಎಂದು ನನಗೆ ಹೊಳೆಯಿತು. ಆದರೆ ನನಗೆ ಹೊಳೆದದ್ದನ್ನು ಪಂಚನಾಮೆಯಲ್ಲಿ ಬರೆಯಲಾದೀತೆ?

ಅಷ್ಟರಲ್ಲಿ ಹನುಮಕ್ಕ ಎಂಬ ರೈತರ ಮನೆಯ ಮುದುಕಿ ಗದರಿದಳು. “ಯಾಕ ಹಲ್ಲು ಕಿಸೀತೀರಿ? ಯಾವ ಕಾಳಪ್ಪನ ಮಾತದು? ಮೊನ್ನೆ ಮೊನ್ನೆ ಸತ್ತ ಕುಂಟ ಕಾಳಪ್ಪನೋ, ಅವನ ತಾತ ಸಂಡೂರು ಕಾಳಪ್ಪನೋ?”

“ಅದು ನಿಮಗೆ ಹೇಗೆ ಗೊತ್ತು ಅಮ್ಮಾ?” ಎಂದೆ.

“ನಮ್ಮನಿ ಆಯದಿಂದ ಗೊತ್ತವ್ವಾ.”

ಕಮ್ಮಾರ ವರ್ಷವಿಡೀ ರೈತರ ನೇಗಿಲು, ಕುಡುಗೋಲು ಹದ ಮಾಡಿಕೊಡುತ್ತಾನೆ. ಅದಕ್ಕೆ ಸುಗ್ಗಿಯಲ್ಲಿ ಕಣದಿಂದಲೇ ಅವನಿಗೆ ಅಳೆಯುವ ಭತ್ತವೇ ಆಯ. ಅಣ್ಣತಮ್ಮಂದಿರು ಪಾಲಾದರೆ ಹೊಲ, ಎತ್ತುಗಳ ಜೊತೆ ಆಯ ಕೊಡುವ ಹೊಣೆಯನ್ನೂ ಹಂಚಿಕೊಳ್ಳುತ್ತಾರೆ. ಹನುಮಕ್ಕನ ಮಾವನ ತಂದೆ ತನ್ನ ಅಣ್ಣನಿಂದ ಬೇರೆಯಾದದ್ದು ಬ್ರಿಟಿಷರ ಆಳ್ವಿಕೆಯಲ್ಲಿ. ಆಗ ಸಂಡೂರು ಕಾಳಪ್ಪನನ್ನು ಕಣಕ್ಕೆ ಕರೆಸಿ, ಇನ್ನು ಮೇಲೆ ಅರ್ಧ ಇವನ ಕಣದಲ್ಲಿ, ಅರ್ಧ ಅವನ ಕಣದಲ್ಲಿ ತೆಗೆದುಕೋ ಎಂದು ಹೇಳಿದ್ದರಂತೆ. ಸೊಸೆಯಾಗಿ ಬಂದ ವರ್ಷವೇ ಅತ್ತೆ ಇದನ್ನು ಆಕೆಗೆ ತಿಳಿಸಿದ್ದಳು.

ನಾನು ಪಂಚನಾಮೆಯನ್ನು ಅಲ್ಲಿಗೇ ನಿಲ್ಲಿಸಿ ನೆಟ್ಟಗೆ ಆ ಅಣ್ಣನ ವಂಶದವರ ಮನೆಗೆ ನಡೆದೆ. ಕಾಲುವೆ ನೀರಿನ ಜಗಳದಿಂದ ಎರಡೂ ಮನೆಗಳ ನಡುವೆ ಮಾತುಕತೆ ನಿಂತು ಒಂದು ತಲೆಮಾರೇ ಕಳೆದಿತ್ತು. ಹನುಮಕ್ಕ ಹೇಳಿದ್ದನ್ನು ಅಲ್ಲಿ ಬಾಯಿ ಬಿಡಲಿಲ್ಲ. ನಿಮ್ಮ ಹಿರಿಯರು ಪಾಲಾದಾಗ ಆಯ ತೆಗೆದುಕೊಳ್ಳುತ್ತಿದ್ದವರು ಯಾರು ಎಂದಷ್ಟೇ ಕೇಳಿದೆ. ಮನೆಯ ಯಜಮಾನ ಯೋಚನೆ ಕೂಡ ಮಾಡಲಿಲ್ಲ. “ಸಂಡೂರು ಕಾಳಪ್ಪ ರೀ. ಅವತ್ತಿಂದ ನಮ್ದು ಅರ್ಧ ಆಯ.”

ಸಿಕ್ಕಿತಲ್ಲ! ಮತ್ತೆ ಬಿಟ್ಟರೆ ತಾನೆ? ಆಯ ಕೊಡುತ್ತಿದ್ದ ಒಂದೊಂದು ಮನೆಗೂ ಹೋಗಿ, ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿದೆ. ಒಂದು ಮನೆ ಪಾಲಾದದ್ದು ಸಂಡೂರು ಕಾಳಪ್ಪನ ಕಾಲದಲ್ಲಿ, ಇನ್ನೊಂದು ಅವನ ಮಗ ಮೌನಪ್ಪನ ಕಾಲದಲ್ಲಿ, ಮತ್ತೊಂದು ಮೌನೇಶನ ತಾತ ಕುಂಟ ಕಾಳಪ್ಪನ ಕಾಲದಲ್ಲಿ. ರೈತರು ತಮ್ಮ ತಮ್ಮ ಮನೆ ಒಡೆದ ಕಥೆ ಹೇಳುತ್ತಾ ಹೋದಂತೆ ಕಮ್ಮಾರನ ವಂಶಾವಳಿ ಒಂದು ಕೊಂಡಿಯೂ ತಪ್ಪದೆ ಕೂಡಿಕೊಂಡಿತು. ಕುಲುಮೆ ಮೊದಲಿನಿಂದಲೂ ಅದೇ ಜಾಗದಲ್ಲಿದೆ ಎಂದೂ ಎಲ್ಲರೂ ಹೇಳಿದರು. ಮೌನಪ್ಪನೆಂಬ ಮುತ್ತಾತ ಇದ್ದದ್ದು ಮೌನೇಶನಿಗೇ ಗೊತ್ತಿರಲಿಲ್ಲ.

ಹೊಸಪೇಟೆಯಲ್ಲಿ ತಹಶೀಲ್ದಾರರು ವರದಿ ಓದಿ ಕನ್ನಡಕ ತೆಗೆದರು. “ಇಷ್ಟೆಲ್ಲ ಬಾಯಿಮಾತು. ಹೇಗೆ ನಂಬೋದು ಮೇಡಂ?”

“ಸರ್, ಈ ಎರಡು ಮನೆಯವರು ಒಬ್ಬರ ಮನೆ ನೀರು ಇನ್ನೊಬ್ಬರು ಮುಟ್ಟಲ್ಲ. ಇದೊಂದು ವಿಷಯಕ್ಕೆ ಮಾತ್ರ ಇಬ್ಬರ ಮಾತೂ ಒಂದೇ ಆಗಿದೆ.”

ಅವರು ಎರಡೂ ಮನೆಯವರನ್ನು ಕರೆಸಿ ತಾವೇ ವಿಚಾರಿಸಿದರು. ಸದಸ್ಯರ ತಕರಾರು ಬಿದ್ದುಹೋಯಿತು. ಕುಲುಮೆ ಮೌನೇಶನಿಗೇ ಉಳಿಯಿತು.

ಒಂದು ಮನೆತನದ ಕಥೆಯನ್ನು ಆ ಮನೆಯಲ್ಲೇ ಕೇಳಬೇಕು ಎಂದು ಅಲ್ಲಿಯವರೆಗೆ ನಂಬಿದ್ದೆ. ಕಸುಬುದಾರನ ವಿಷಯದಲ್ಲಿ ಅವನ ಕೆಲಸ ತಲುಪಿದ ಮನೆಗಳಲ್ಲಿ ಕೇಳಬೇಕೆಂದು ಆ ಹಳ್ಳಿ ನನಗೆ ಕಲಿಸಿತು. ಮುಂದೆ ನೌಕರಿ ಮುಗಿಯುವವರೆಗೂ ಹಾಗೆಯೇ ಮಾಡಿದೆ.

ಆದೇಶದ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ. ಮೌನೇಶ ಕುಲುಮೆಯ ಮುಂದೆ ನಿಂತು ತಡವರಿಸುತ್ತಾ ಓದತೊಡಗಿದ. “ಅರ್ಜಿದಾರರ ಮೂಲ ಪುರುಷ, ಸಂಡೂರು ಸಂಸ್ಥಾನದಿಂದ ಬಂದ ಕಮ್ಮಾರ ಕಾಳಪ್ಪ…”

ಬಾಗಿಲಲ್ಲಿ ಕುಳಿತಿದ್ದ ಅವನ ತಾಯಿ ನಾಗಮ್ಮ ತಟ್ಟನೆ ಎದ್ದು ನಿಂತು, ಮನೆಗೆ ಹಿರಿಯರು ಬಂದಾಗ ಸೊಸೆಯರು ಮಾಡುವಂತೆ, ತಲೆಯ ಮೇಲೆ ಸೆರಗು ಎಳೆದುಕೊಂಡಳು.