ಅಕ್ಕವ್ವನ ಸ್ಟೀಲ್ ಡಬ್ಬಿಗಳು

ನಮ್ಮೂರು ಬೆಲ್ಲದ ಬಾಗೇವಾಡಿಯ ಅಕ್ಕವ್ವ ಗೋಕಾಕದಲ್ಲಿ ನಡೆಸುವ ಖಾನಾವಳಿಗೆ ಬೋರ್ಡಿಲ್ಲ, ಕೂತು ಉಣ್ಣಲು ಬೆಂಚೂ ಇಲ್ಲ. ಬಾಡಿಗೆಗೆ ಹಿಡಿದ ಒಂದು ಕೋಣೆ, ಗ್ಯಾಸ್ ಒಲೆ, ರೊಟ್ಟಿ ಹಂಚು, ಒಂದು ಮೊಬೈಲು, ಅಷ್ಟೇ. ಊಟ ಬೇಕಾದವರು ಬೆಳಿಗ್ಗೆ ಫೋನ್ ಮಾಡುತ್ತಾರೆ. ಮಧ್ಯಾಹ್ನ ಅವಳ ಗಂಡ ದುಂಡಪ್ಪ ಬೈಕಿನಲ್ಲಿ ಮನೆಗೇ ಮುಟ್ಟಿಸುತ್ತಾನೆ.

ಬಿಸಿ ಪಲ್ಯವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಲು ಅಕ್ಕವ್ವನ ಮನಸ್ಸು ಒಪ್ಪಲಿಲ್ಲ. ಕೂಡಿಟ್ಟಿದ್ದ ಹಣವನ್ನೆಲ್ಲ ಸ್ಟೀಲ್ ಡಬ್ಬಿ ಕೊಳ್ಳಲು ಸುರಿದಳು. ಇಂದು ಊಟ ಕೊಟ್ಟು, ನಾಳೆ ಖಾಲಿ ಡಬ್ಬಿ ತರುವುದೆಂದು ಅವಳ ಎಣಿಕೆ.

ಮೊದಲ ವಾರ ಹೊಗಳಿಕೆ ಬಂತು, ಡಬ್ಬಿ ಬರಲಿಲ್ಲ. ವಾರ ಮುಗಿಯುವಷ್ಟರಲ್ಲಿ ಡಬ್ಬಿ ಇಡುವ ಗೂಡು ಬರಿದಾಯಿತು. ಮರುದಿನದ ಊಟಕ್ಕೆ ಪಾತ್ರೆಯಿಲ್ಲ, ಹೊಸದನ್ನು ಕೊಳ್ಳುವ ಶಕ್ತಿಯೂ ಇಲ್ಲ. ಶುರುವಾದ ವಾರಕ್ಕೇ ಒಲೆ ಆರುವ ಹಾಗಾಯಿತು.

“ಊಟ ಮಾರಾಕ ಹೋಗಿ ಭಾಂಡೆ ಹಂಚಿ ಬಂದ್ವಿ ನೋಡ,” ಎಂದ ದುಂಡಪ್ಪ. “ಕೇಳಿದ್ರ ಎಲ್ಲಾರೂ ನಾಳಿ ಕೊಡ್ತೀವಿ ಅಂತಾರ.”

“ನಗೂದು ಸಾಕ್ರಿ, ಗಾಡಿ ತಗೀರಿ,” ಎಂದು ಅಕ್ಕವ್ವ ತಾನೇ ಹಿಂದೆ ಕೂತಳು.

ಮೊದಲು ಹೋದದ್ದು ನಿವೃತ್ತ ಶಿಕ್ಷಕಿ ಶೆಟ್ಟೆವ್ವನವರ ಮನೆಗೆ. ಡಬ್ಬಿಗಳನ್ನು ಫಳಫಳ ತೊಳೆದು ಬೋರಲು ಹಾಕಿದ್ದರು.

“ಬರೀ ಡಬ್ಬಿ ಹೆಂಗ ಕೊಡ್ಲಿ ತಂಗಿ? ಏನರೆ ಮಾಡಿ ಹಾಕಿ ಕೊಡೂನು ಅಂದ್ರ ಈ ಮೊಣಕಾಲು ನಿಲ್ಲಾಕ ಬಿಡವಲ್ದು.”

“ರೊಕ್ಕ ಕೊಟ್ಟೀರಲ್ರಿ ಅಕ್ಕೋರ?”

“ರೊಕ್ಕ ಊಟಕ್ಕಾತು. ಡಬ್ಬಿ ನಿಮ್ಮ ಮನೀದಲ್ಲೇನ?”

ಅಕ್ಕವ್ವನ ತವರಿನಿಂದಲೂ ನೆರೆಮನೆಯ ಪಾತ್ರೆ ಎಂದೂ ಬರಿದಾಗಿ ಹೋದದ್ದಿಲ್ಲ. ಖಾಲಿಯೇ ಕೊಡಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

“ಹಂಗಾರ ಒಂದು ಚೂರು ಬೆಲ್ಲ ಹಾಕಿ ಕೊಡ್ರಿ. ಆತಲ್ರಿ?”

“ಅಷ್ಟ ಸಾಕೇನ? ಮೊದಲ ಹೇಳಬಾರದಾ ಹುಚ್ಚಿ!” ಎಂದು ಶೆಟ್ಟೆವ್ವ ನಕ್ಕರು.

ಸಂಜೆಯವರೆಗೆ ಗಂಡ ಹೆಂಡತಿ ಮನೆಮನೆ ತಿರುಗಿದರು. ಬಹಳ ಕಡೆ ಅದೇ ಸಂಕೋಚ, ಅದೇ ಬೆಲ್ಲ. ಮರುದಿನ ಅಡುಗೆ ನಿಲ್ಲಲಿಲ್ಲ. ಜನರ ರೀತಿಯನ್ನು ಮುರಿಯದೆ ತನ್ನ ಉದ್ಯೋಗ ಉಳಿಸಿಕೊಂಡ ಈ ಹೆಣ್ಣುಮಗಳನ್ನು ಕಂಡರೆ ನನಗೆ ಹೆಮ್ಮೆ.

ಕೂಡಿದ ಬೆಲ್ಲದಿಂದ ಅಮಾವಾಸ್ಯೆಗೆ ಅವಳು ಮಾದಲಿ ಎಂಬ ಗೋಧಿಯ ಸಿಹಿ ಮಾಡಿ, ಎಲ್ಲರ ಡಬ್ಬಿಗೂ ಹಾಕಿದಳು. ದುಂಡಪ್ಪ ಹಣೆ ಬಡಿದುಕೊಂಡ.

“ಇನ್ನ ಮಾದಲಿಗೆ ಏನ ಹಾಕಿ ಕೊಡೂದಂತ ಮತ್ತ ಡಬ್ಬಿ ಹಿಡಕೊಂಡು ಕುಂಡ್ರತಾರ!”

“ಕೇಳಿದ್ರ ಹೇಳ್ರಿ,” ಎಂದಳು ಅಕ್ಕವ್ವ, ಮುಚ್ಚಳ ಒತ್ತುತ್ತ. “ಅದು ಅವರ ಮನೀದ ಬೆಲ್ಲ ಅಂತ.”