ಎರಡನೇ ಸಲ ಸಾಯದ ಹಾರ್ಮೋನಿಯಂ ಮೇಷ್ಟ್ರು

ಮೊನ್ನೆ ಪಲಾವ್‌ಗೆ ಒಗ್ಗರಣೆ ಹಾಕುವಾಗ ಎಣ್ಣೆಯಲ್ಲಿ ಲವಂಗ ಸಿಡಿಯಿತು. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಪಕ್ಕದ ಮನೆಯ ಹಾರ್ಮೋನಿಯಂ ಮೇಷ್ಟ್ರು ಬಾಗಿಲಿಗೆ ಬಂದು ನಿಂತ ಹಾಗಾಗುತ್ತದೆ. ಕುಡಿಯುತ್ತಿದ್ದ ಕಾಲದಲ್ಲಿ ಬಾಯಿವಾಸನೆ ಮುಚ್ಚಲು ಲವಂಗ ಜಗಿಯುತ್ತಿದ್ದರು, ಸರಿ. ಬಿಟ್ಟ ಮೇಲೂ ಜಗಿಯುವುದೇ? ನಮ್ಮ ಜಂಗಮಕೋಟೆಯಲ್ಲಿ ಅವರು ಯಾರ ಹತ್ತಿರ ನಿಂತರೂ ಜನ ಮೂಗರಳಿಸಿ, ಇವತ್ತೂ ಕುಡಿದಿದ್ದಾರೆ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅದನ್ನು ಉಗಿಯಿರಿ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಬಾಯಿಗೆ ಏನಾದರೂ ಬೇಕಲ್ಲಮ್ಮ, ಅನ್ನುತ್ತಿದ್ದರು.

ಸುತ್ತಲ ಹಳ್ಳಿಗಳಿಗೆ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಒಂದೂರಲ್ಲಿ ಕನ್ನಡ, ಇನ್ನೊಂದೂರಲ್ಲಿ ತೆಲುಗು. ತಾಲೀಮು ಮುಗಿದ ಮೇಲೆ ಮೇಷ್ಟ್ರ ಮುಂದೆ ಒಂದು ಕ್ವಾರ್ಟರ್ ಇಡುವುದು ಈ ಕಡೆ ದೊಡ್ಡ ಮರ್ಯಾದೆ. ಮರ್ಯಾದೆ ಮಾಡಿ ಮಾಡಿಯೇ ಆ ಮನುಷ್ಯನನ್ನು ಹಾಳು ಮಾಡಿದರು. ಅವರ ಹೆಂಡತಿ ತಡೆಯುವಷ್ಟು ತಡೆದು, ಕೊನೆಗೆ ವಿದುರಾಶ್ವತ್ಥದ ತವರಿಗೆ ಹೊರಟುಹೋದರು. ಆಮೇಲೆ ಮೇಷ್ಟ್ರು ಅದ್ಯಾವುದೋ ಕುಡಿತ ಬಿಡಿಸುವ ಶಿಬಿರಕ್ಕೆ ಸೇರಿ, ಸೊರಗಿ ವಾಪಸು ಬಂದರು. ಕುಡಿತ ನಿಜವಾಗಿಯೂ ನಿಂತಿತ್ತು. ಆದರೆ ಹಿಂದೆ ಅದೆಷ್ಟು ಆಣೆ ಹಾಕಿದ್ದರೋ, ಹೆಂಡತಿ ನಂಬಲಿಲ್ಲ.

"ಅವಳೊಬ್ಬಳು ನಂಬಿದ್ರೆ ಸಾಕಮ್ಮ," ಅನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಅದೊಂದೇ.

ಆಗ ನಾನು ಹೈಸ್ಕೂಲು ಟೀಚರು. ಮಹಿಳಾ ಸಂಘದ ಹೆಂಗಸರು, ಕೆಲವು ಹುಡುಗರು ಸೇರಿ ಕುಡಿತದ ಮೇಲೆ ಬೀದಿನಾಟಕ ಆಡುತ್ತಿದ್ದೆವು. ಬರೆಯುವುದು ನಾನು. ಕುಡುಕನ ಪಾತ್ರಕ್ಕೆ ಮೇಷ್ಟ್ರನ್ನು ಕರೆದೆ, ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನನ್ನ ನಾಟಕದಲ್ಲಿ ಕುಡುಕ ಕೊನೆಗೆ ರಕ್ತ ಕಾರಿ ಸಾಯುತ್ತಾನೆ, ಹೆಂಡತಿ ಎದೆ ಬಡಿದುಕೊಂಡು ಅಳುತ್ತಾಳೆ. ನೋಡುವವರೂ ಅಳುತ್ತಾರೆ. ಅದು ಇವರಿಗೆ ಆಗದು.

"ಸತ್ರೆ ಬಿಟ್ಟಂಗಾಯ್ತಾ? ಬಿಟ್ಟೋನು ಬದುಕೋದನ್ನ ತೋರ್ಸಿ."

ಬದುಕುವುದರಲ್ಲಿ ನೋಡುವುದಕ್ಕೇನಿದೆ? ಒಬ್ಬ ಮನುಷ್ಯ ಕೂತು ಕಾಫಿ ಕುಡಿಯುವುದನ್ನು ನೋಡಲು ಬಿಸಿಲಲ್ಲಿ ಯಾರು ನಿಲ್ಲುತ್ತಾರೆ? ಶಿಡ್ಲಘಟ್ಟದಿಂದ ಚಿಂತಾಮಣಿವರೆಗೂ ಬಸ್ಸಿನಲ್ಲಿ ಇದೇ ಜಗಳ. ಕಂಡಕ್ಟರು ಬೈದರೂ ನಿಲ್ಲುತ್ತಿರಲಿಲ್ಲ. ಇಷ್ಟೆಲ್ಲ ವಾದ ಮಾಡಿ, ಆಟಕ್ಕೆ ನಿಂತರೆ ಮಾತ್ರ ಎಷ್ಟು ಚೆನ್ನಾಗಿ ಸಾಯುತ್ತಿದ್ದರು ಅಂತೀರಿ...

ವಿದುರಾಶ್ವತ್ಥದಲ್ಲಿ ಆಡೋಣ ಎಂದು ಅವರೇ ಗಂಟುಬಿದ್ದರು. ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಅವತ್ತು ಜನರ ಹಿಂದೆ, ತವರುಮನೆಯ ಜಗಲಿಯ ಪಕ್ಕ, ಅವರ ಹೆಂಡತಿ ಕೈಕಟ್ಟಿ ನಿಂತಿದ್ದರು. ಮೇಷ್ಟ್ರು ಕುಡಿದರು, ತೂರಾಡಿದರು, ಸತ್ತರು. ಜನ ಚಪ್ಪಾಳೆ ತಟ್ಟಿ "ಒನ್ಸ್ ಮೋರ್" ಅಂದರು.

ನಮ್ಮ ಕಡೆ ಇದೊಂದು ರೋಗ. ಪೌರಾಣಿಕ ನಾಟಕದಲ್ಲಿ ಸಾಯುವವನ ಹಾಡು ಹಿಡಿಸಿದರೆ ಒನ್ಸ್ ಮೋರ್ ಕೂಗುತ್ತಾರೆ. ಸತ್ತ ವೀರ ಎದ್ದು, ಮಣ್ಣು ಕೊಡವಿ, ಹಾಡಿ ಮತ್ತೆ ಸಾಯುತ್ತಾನೆ. ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ಆದರೆ ಅರಿವು ಮೂಡಿಸುವ ನಾಟಕಕ್ಕೂ ಹೀಗೆ ಕೂಗುವುದೇ? ಮುಂದೆ ಕೂತ ಅಜ್ಜಿಯೊಬ್ಬರು "ಇಂಕೋಸಾರಿ ಸಾವಪ್ಪಾ" ಎಂದು, ಇನ್ನೊಂದು ಸಲ ಸಾಯಲು ತೆಲುಗಿನಲ್ಲಿ ಪ್ರೀತಿಯಿಂದ ಕೇಳಿಕೊಂಡರು.

ಮೇಷ್ಟ್ರು ಎದ್ದರು. ಹೆಂಡತಿಯ ಪಾತ್ರದವಳು ಅಳಲು ಸೆರಗು ಸರಿಮಾಡಿಕೊಂಡಳು. ಇವರು ಸಾಯಲೇ ಇಲ್ಲ. ಚಕ್ಕಂಬಕ್ಕಳ ಹಾಕಿ ಕೂತರು.

"ಒಂದ್ಸಲ ಸತ್ತಿದ್ದು ಸಾಕು. ಈಗ ಬದುಕ್ತೀನಿ, ನೋಡಿ."

ಆಮೇಲೆ ಮಾತಾಡುತ್ತಾ ಹೋದರು. ಬೆಳಿಗ್ಗೆ ಎದ್ದರೆ ಕೈ ನಡುಗುವುದು, ಲೋಟ ಎರಡೂ ಕೈಯಲ್ಲಿ ಹಿಡಿಯುವುದು, ಬ್ರಾಂದಿ ಅಂಗಡಿ ಕಣ್ಣಿಗೆ ಬೀಳದಿರಲೆಂದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸುತ್ತಿಕೊಂಡು ಹೋಗುವುದು, ಸಂಜೆ ಹೊತ್ತು ಕಳೆಯದೆ ಅದೇ ರಾಗ ಮತ್ತೆ ಮತ್ತೆ ನುಡಿಸುವುದು... ಜನ ಒಬ್ಬೊಬ್ಬರೇ ಎದ್ದರು. ಸಾಕು ನಿಲ್ಲಿಸಿ ಎಂದು ನಾನು ಸನ್ನೆ ಮಾಡಿದೆ, ಹಲ್ಲು ಕಡಿದೆ. ಆ ಅಜ್ಜಿಯೂ ಎದ್ದು ಹೋದರು. ಕೊನೆಯವರೆಗೂ ನಿಂತು ಕೇಳಿದ್ದು ಅವರ ಹೆಂಡತಿ ಒಬ್ಬರೇ. ಮೇಷ್ಟ್ರು ಅವರ ಹತ್ತಿರ ಹೋದರು.

"ನೀವು ನಾಟಕ ಚೆನ್ನಾಗಿ ಆಡ್ತೀರ ಅಂತ ನಂಗೆ ಮೊದ್ಲೇ ಗೊತ್ತಿತ್ತು," ಎಂದು ಆಕೆ ಒಳಗೆ ಹೋದರು.

ವಾಪಸು ಬರುವಾಗ ನನಗೆ ಜೀವದಲ್ಲಿ ಜೀವವಿರಲಿಲ್ಲ. ಇವತ್ತು ಈ ಮನುಷ್ಯ ಅಂಗಡಿಗೇ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಮಾರನೇ ಬೆಳಿಗ್ಗೆ ಗೋಡೆಯಾಚೆ ಹಾರ್ಮೋನಿಯಂ ಶ್ರುತಿ ಹಿಡಿಯಿತು. ಅದರ ಮಾರನೇ ದಿನವೂ. ಕೆಲವು ತಿಂಗಳ ಮೇಲೆ ಆಕೆ ಒಂದು ಬ್ಯಾಗು ಹಿಡಿದು ಬಂದರು. ನೋಡಿಕೊಂಡು ಹೋಗಕ್ಕೆ ಬಂದೆ, ಅಂದರು. ನೋಡುತ್ತಾ ನೋಡುತ್ತಾ ಇಲ್ಲೇ ಉಳಿದರು.

ಮೇಷ್ಟ್ರು ಎರಡು ವರ್ಷದ ಹಿಂದೆ ಎದೆನೋವಿನಿಂದ ತೀರಿಕೊಂಡರು. ಅಂಗಳದಲ್ಲಿ ಯಾರೋ, ಪಾಪ, ಕುಡಿದು ಕುಡಿದೇ ಹೋದರು ಅಂದರು. ಹೆಣದ ಪಕ್ಕ ಕೂತಿದ್ದ ಹೆಂಡತಿ ಎದ್ದು ಹೊರಗೆ ಬಂದರು. ದನಿ ಎತ್ತರಿಸಲಿಲ್ಲ.

"ಅವರು ಕುಡೀತಿರ್ಲಿಲ್ಲ. ಬಿಟ್ಟಿದ್ರು. ದಿನಾ ನೋಡಿದೀನಿ ನಾನು."

ಮತ್ತೆ ಒಳಗೆ ಹೋಗಿ ಹೆಣದ ಪಕ್ಕ ಕೂತರು.

ಈಗಲೂ ನಾಟಕ ಆಡುತ್ತೇವೆ. ಕೂತು ಮಾತಾಡುವ ಆ ಭಾಗ ಇಟ್ಟುಕೊಂಡಿದ್ದೇನೆ, ಜನ ಈಗಲೂ ಅಲ್ಲೇ ಎದ್ದು ಹೋಗುತ್ತಾರೆ, ನನಗೆ ಈಗಲೂ ಮೈ ಉರಿಯುತ್ತದೆ. ಪಾತ್ರ ಮಾಡುವ ಹುಡುಗ ನಾನು ಬರೆದದ್ದನ್ನು ತೆಪ್ಪಗೆ ಹೇಳುತ್ತಾನೆ, ಒಂದು ಮಾತಿಗೂ ತಕರಾರಿಲ್ಲ. ಸಂಜೆ ಹೊತ್ತು ನಾನೂ ಮೇಷ್ಟ್ರ ಹೆಂಡತಿಯೂ ಜಗಲಿಯ ಮೇಲೆ ಕೂತು ಅವರನ್ನು ಮನಸಾರೆ ಬೈಯುತ್ತೇವೆ, ಎಂಥ ಹಠದ ಮನುಷ್ಯ ಎಂದು.